ಪರಿಸರ ತೆರಿಗೆಯ ಭಾರ ಮತ್ತು ಕುಟುಂಬಗಳ ವರಮಾನ

ಕಾರ್ಖಾನೆಯ ಹೊಗೆಯಿಂದ ನೆರೆಹೊರೆಯವರಿಗೆ ಆಗುವ ಹಾನಿಯು ಆ ಕಾರ್ಖಾನೆಯ ಉತ್ಪಾದನಾ ವೆಚ್ಚದಲ್ಲಿ ಸೇರುವುದಿಲ್ಲ. ಈ ಲೋಪವನ್ನು ತೆರಿಗೆಯ ಮೂಲಕ ಸರಿಪಡಿಸಬಹುದೆಂಬ ವಾದವನ್ನು ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ ಅವರು 1920ರಲ್ಲಿ ಮಂಡಿಸಿದರು. ಇಂದು ಇಂಗಾಲದ ಮೇಲೆ ವಿಧಿಸುವ ತೆರಿಗೆಗಳಿಗೆ ಆ ವಾದವೇ ತಳಹದಿ. ಆದರೆ ಮಾಲಿನ್ಯವನ್ನು ತಗ್ಗಿಸಲು ತೆರಿಗೆಯು ಸಮರ್ಥವೆಂದ ಮಾತ್ರಕ್ಕೆ ಅದು ನ್ಯಾಯವಾದುದೆಂದು ಹೇಳಲಾಗದು. ಅದರ ಭಾರವು ಯಾವ ಕುಟುಂಬದ ಮೇಲೆ ಎಷ್ಟು ಬೀಳುತ್ತದೆಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಎರಡು ಕುಟುಂಬಗಳನ್ನು ಭಾವಿಸಿಕೊಳ್ಳೋಣ. ಒಂದರ ತಿಂಗಳ ವರಮಾನ 20,000 ರೂಪಾಯಿ, ಇಂಧನದ ವೆಚ್ಚ 2,000 ರೂಪಾಯಿ. ಇನ್ನೊಂದರ ವರಮಾನ 1,00,000 ರೂಪಾಯಿ, ಇಂಧನದ ವೆಚ್ಚ 5,000 ರೂಪಾಯಿ. ಇಂಧನದ ಮೇಲೆ ಶೇಕಡಾ 10ರಷ್ಟು ತೆರಿಗೆ ಬಿದ್ದು, ಬಳಕೆ ಮೊದಲಿನಂತೆಯೇ ಉಳಿದರೆ, ಬಡ ಕುಟುಂಬವು 200 ರೂಪಾಯಿಯನ್ನೂ ಸಿರಿವಂತ ಕುಟುಂಬವು 500 ರೂಪಾಯಿಯನ್ನೂ ತೆರುತ್ತವೆ. ಮೊತ್ತದಲ್ಲಿ ಸಿರಿವಂತರು ತೆತ್ತದ್ದೇ ಹೆಚ್ಚು. ಆದರೆ ವರಮಾನದ ಪ್ರಮಾಣದಲ್ಲಿ ನೋಡಿದರೆ ಬಡವರಿಗೆ ಶೇಕಡಾ 1, ಸಿರಿವಂತರಿಗೆ ಶೇಕಡಾ ಅರ್ಧ. ಇಂತಹ ತೆರಿಗೆಯನ್ನು ಪ್ರತಿಗಾಮಿ ತೆರಿಗೆಯೆನ್ನುತ್ತಾರೆ.

ಈಗ ಸಂಗ್ರಹವಾದ 700 ರೂಪಾಯಿಯನ್ನು ಎರಡು ಕುಟುಂಬಗಳಿಗೂ ಸಮನಾಗಿ ಹಂಚಿದೆವೆನ್ನೋಣ. ಬಡ ಕುಟುಂಬಕ್ಕೆ 150 ರೂಪಾಯಿ ಉಳಿಯುತ್ತದೆ. ಸಿರಿವಂತ ಕುಟುಂಬಕ್ಕೆ ಅಷ್ಟೇ ಕೈಬಿಡುತ್ತದೆ. ಮೇಲಾಗಿ, ಹಿಂದಿರುಗುವ ಹಣವು ಇಂಧನದ ಬಳಕೆಯನ್ನು ಅವಲಂಬಿಸಿಲ್ಲವಾದುದರಿಂದ, ಮಿತವಾಗಿ ಬಳಸಬೇಕೆಂಬ ಪ್ರೇರಣೆಯೂ ಕುಂದುವುದಿಲ್ಲ. ಆದುದರಿಂದ ತೆರಿಗೆಯ ನ್ಯಾಯಾನ್ಯಾಯವು ಅದರ ದರದಲ್ಲಿ ಮಾತ್ರವಲ್ಲ, ಉತ್ಪನ್ನದ ವಿನಿಯೋಗದಲ್ಲಿಯೂ ನಿರ್ಧಾರವಾಗುತ್ತದೆ.

ತೆರಿಗೆ ಬೀಳುವ ವಸ್ತುವೂ ಮುಖ್ಯವೇ. ಸ್ವಂತ ವಾಹನವಿಲ್ಲದವರು ಹೆಚ್ಚಾಗಿರುವ ದೇಶದಲ್ಲಿ ಪೆಟ್ರೋಲಿನ ತೆರಿಗೆಯು ನೇರವಾಗಿ ಉಳ್ಳವರನ್ನೇ ತಟ್ಟುತ್ತದೆ. ಬಸ್ಸಿನ ದರ ಮತ್ತು ಸರಕು ಸಾಗಣೆಯ ಮೂಲಕ ಪರೋಕ್ಷವಾಗಿ ಉಳಿದವರನ್ನು ತಲಪುತ್ತದೆ. ಭಾರತದಲ್ಲಿ ಕಲ್ಲಿದ್ದಲಿನ ಮೇಲೆ 2010ರಲ್ಲಿ ಟನ್ನಿಗೆ 50 ರೂಪಾಯಿ ಇದ್ದ ಉಪಕರವು 2016ರಲ್ಲಿ 400 ರೂಪಾಯಿಗೆ ಏರಿತು. ಇಂತಹ ಕರವು ವಿದ್ಯುತ್ತಿನ ಬೆಲೆಯಲ್ಲಿ ಅಡಗಿರುವುದರಿಂದ ತೆರುವವರ ಕಣ್ಣಿಗೆ ಬೀಳುವುದೇ ಇಲ್ಲ.

ಒಂದೇ ವರಮಾನದವರಲ್ಲಿಯೂ ಭಾರ ಸಮನಾಗಿರುವುದಿಲ್ಲವೆಂಬುದಕ್ಕೆ ಫ್ರಾನ್ಸ್ ನಿದರ್ಶನ. ಅಲ್ಲಿ 2014ರಲ್ಲಿ ಟನ್ನಿಗೆ 7 ಯೂರೋ ಇದ್ದ ಇಂಗಾಲದ ತೆರಿಗೆ 2018ರಲ್ಲಿ 44.60 ಯೂರೋ ಆಯಿತು. ನಗರದಲ್ಲಿ ರೈಲು, ಬಸ್ಸುಗಳಿವೆ. ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಕೆಲಸಗಾರನಿಗೆ ಕಾರಲ್ಲದೆ ಗತಿಯಿಲ್ಲ. 2018ರ ನವೆಂಬರಿನಲ್ಲಿ ಹಳದಿ ಅಂಗಿಯವರ ಚಳವಳಿ ಭುಗಿಲೆದ್ದಿತು. ಮುಂದಿನ ವರ್ಷಕ್ಕೆ ನಿಗದಿಯಾಗಿದ್ದ ಏರಿಕೆಯನ್ನು ಸರ್ಕಾರ ಡಿಸೆಂಬರಿನಲ್ಲಿ ಕೈಬಿಟ್ಟಿತು.

ಕೆನಡಾ ಇನ್ನೊಂದು ಮಾರ್ಗವನ್ನು ಹಿಡಿಯಿತು. ತಮ್ಮದೇ ವ್ಯವಸ್ಥೆಯಿಲ್ಲದ ಪ್ರಾಂತಗಳಲ್ಲಿ ಕೇಂದ್ರವು 2019ರಲ್ಲಿ ಟನ್ನಿಗೆ 20 ಡಾಲರಿನ ದರದಲ್ಲಿ ಇಂಧನಕರವನ್ನು ವಿಧಿಸಿತು. 2024ರ ವೇಳೆಗೆ ಅದು 80 ಡಾಲರಾಯಿತು. ಉತ್ಪನ್ನದ ಬಹುಭಾಗವನ್ನು ಕುಟುಂಬದ ಗಾತ್ರಕ್ಕೆ ತಕ್ಕಂತೆ ಹಿಂದಿರುಗಿಸಲಾಗುತ್ತಿತ್ತು; ಗ್ರಾಮವಾಸಿಗಳಿಗೆ ಹೆಚ್ಚುವರಿ ಪಾಲೂ ಇತ್ತು. ತೆತ್ತುದನ್ನೂ ಪಡೆದುದನ್ನೂ ಮಾತ್ರ ಲೆಕ್ಕಹಾಕಿದಾಗ ಬಹುಪಾಲು ಕುಟುಂಬಗಳಿಗೆ ಲಾಭವೇ ಎಂದು ಸಂಸತ್ತಿನ ಆಯವ್ಯಯಾಧಿಕಾರಿ ಕಂಡುಕೊಂಡರು. ಆದರೂ ಅಸಮಾಧಾನ ಬೆಳೆದು, 2025ರ ಏಪ್ರಿಲ್ 1ರಂದು ಬಳಕೆದಾರರ ಮೇಲಿನ ಈ ಕರವು ನಿಂತುಹೋಯಿತು. ತೆರುವ ಹಣ ಪ್ರತಿಸಲ ಇಂಧನ ತುಂಬಿಸುವಾಗಲೂ ನೆನಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಂಕಿನ ಖಾತೆಗೆ ಸೇರುವ ಹಣ ಸುಲಭವಾಗಿ ಮರೆತುಹೋಗುತ್ತದೆ.

ಹೀಗೆ, ಪರಿಸರ ತೆರಿಗೆಯು ಬಡವರಿಗೆ ಹೊರೆಯೇ ಆಗಬೇಕೆಂಬ ನಿಯಮವೇನೂ ಇಲ್ಲ; ಹೊರೆಯಾಗದಂತೆ ರೂಪಿಸುವುದು ಸಾಧ್ಯ. ಆದರೆ ಲೆಕ್ಕದಲ್ಲಿ ನ್ಯಾಯವಾದುದು ತೆರುವವನ ಅನುಭವಕ್ಕೂ ನ್ಯಾಯವೆಂದು ತೋರದಿದ್ದರೆ, ಪ್ರಜಾಪ್ರಭುತ್ವದಲ್ಲಿ ಅದು ಬಹುಕಾಲ ಬಾಳುವುದು ಕಷ್ಟ.