ಕಡಲೊಳಗಿನ ಗಾಜಿನ ಪಟ್ಟಣ

ನೀರೊಳಗಿನ ವಾಸವು ಕನ್ನಡದ ವಾಚಕರಿಗೆ ಹೊಸ ಸಂಗತಿಯೇನೂ ಅಲ್ಲ. ರನ್ನನ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರವನ್ನು ಹೊಕ್ಕು ಕುಳಿತುದನ್ನು ನಾವೆಲ್ಲರೂ ಬಲ್ಲೆವು. ಮಂತ್ರ ಬಲ್ಲವನಿಗೆ ಗೋಡೆ ಬೇಡ, ಕಿಟಕಿ ಬೇಡ, ಉಸಿರಾಟದ ಗಾಳಿಯ ಚಿಂತೆಯೂ ಬೇಡ. ಇಂದಿನ ವೈಜ್ಞಾನಿಕ ಕಥೆಗಳಿಗೆ ಚಿತ್ರ ಬರೆಯುವ ಕಲಾವಿದರ ಕೈಯಲ್ಲಿರುವುದು ಮಂತ್ರವಲ್ಲ, ಗಣಕಯಂತ್ರ. ಅದರ ತೆರೆಯ ಮೇಲೆ ಅವರು ಕಡಲಿನ ಆಳದಲ್ಲಿ ಗಾಜಿನ ಗುಮ್ಮಟಗಳನ್ನು ಎಬ್ಬಿಸುತ್ತಾರೆ. ಗುಮ್ಮಟದೊಳಗೆ ಉದ್ಯಾನ, ಉದ್ಯಾನದ ಮೇಲೆ ತಿಮಿಂಗಿಲದ ನೆರಳು. ೧೯೯೯ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಮಾಲೆಯ ಚಲನಚಿತ್ರದಲ್ಲಿ ಸರೋವರದಡಿಯಲ್ಲಿ ಹೊಳೆಯುವ ಗುಳ್ಳೆಗಳ ಗೊಂಚಲಿನಂಥ ಪಟ್ಟಣವೊಂದನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು.

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ತಾನು ಗಣಕಯಂತ್ರದಲ್ಲಿ ರಚಿಸಿದ ಇಂಥದೇ ಚಿತ್ರವನ್ನು ನಮಗೆ ತಂದು ತೋರಿಸಿದನು. ಕಡಲಿನ ಮೇಲ್ಮೈಗೆ ನೆತ್ತಿಯನ್ನು ತಾಗಿಸಿಕೊಂಡು ನೀರಿನಲ್ಲಿ ಇಳಿಬಿಟ್ಟಿರುವ, ೫೦೦ ಮೀಟರ್ ವ್ಯಾಸದ ಗಾಜಿನ ಗೋಲ; ಅದರೊಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಮನೆಗಳು. ಹುಡುಗನು ಉಳ್ಳಾಲದ ಕಡೆಯವನು. ಅಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ದಡದ ತೆಂಗು, ದಾರಿ, ಮನೆಗಳು ನೀರುಪಾಲಾಗುವುದುಂಟು. “ಊರಿನವರೆಲ್ಲ ಇದರೊಳಗೆ ಇರಬಹುದೇ ಸಾರ್?” ಎಂದು ಅವನು ಕೇಳಿದನು. ಪ್ರಶ್ನೆಯು ವಿನೋದದ್ದಲ್ಲವೆಂದು ನಮಗೆ ತೋರಿತು. ಆದುದರಿಂದ ಅಂದಿನ ಪಾಠವನ್ನು ಬದಿಗಿರಿಸಿ, ಚಿತ್ರವನ್ನೇ ಕರಿಹಲಗೆಗೆ ತಂದೆವು.

ಅವನ ಕಲ್ಪನೆಗೆ ಮೂಲವೊಂದಿತ್ತು. ಜಪಾನಿನ ಶಿಮಿಝು ಎಂಬ ಕಟ್ಟಡ ಸಂಸ್ಥೆಯು ೨೦೧೪ರಲ್ಲಿ ‘ಓಷನ್ ಸ್ಪೈರಲ್’ ಎಂಬ ಯೋಜನೆಯನ್ನು ಚಿತ್ರಗಳ ಸಮೇತ ಪ್ರಕಟಿಸಿತು. ೫೦೦ ಮೀಟರ್ ವ್ಯಾಸದ ಗೋಲದಲ್ಲಿ ೫,೦೦೦ ಜನ. ಅದರ ಕೆಳಗೆ ೧೫ ಕಿಲೋಮೀಟರ್ ಉದ್ದದ ಸುರುಳಿಯು ೩,೦೦೦-೪,೦೦೦ ಮೀಟರ್ ಆಳದ ಕಡಲತಳದವರೆಗೆ ಸುತ್ತುತ್ತ ಇಳಿಯುವುದು. ಮೇಲಿನ ನೀರಿಗೂ ಆಳದ ನೀರಿಗೂ ಇರುವ ಉಷ್ಣತೆಯ ಅಂತರದಿಂದ ವಿದ್ಯುತ್ತು, ಆಳದ ಒತ್ತಡದಿಂದಲೇ ಉಪ್ಪುನೀರನ್ನು ಸೋಸಿ ಕುಡಿಯುವ ನೀರು. ಇದುವರೆಗೆ ಅದು ಚಿತ್ರವಾಗಿಯೇ ಉಳಿದಿದೆ. ಆದರೂ ಅಳತೆಗಳನ್ನು ಕೊಟ್ಟಿರುವ ಚಿತ್ರವಾದುದರಿಂದ ಲೆಕ್ಕ ಹಾಕಲು ಅನುಕೂಲ.

ಮೊದಲು ಒತ್ತಡ. ನೀರಿನಲ್ಲಿ ೧೦ ಮೀಟರ್ ಇಳಿದಂತೆಲ್ಲ ಸುಮಾರು ಒಂದು ವಾಯುಮಂಡಲದಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನ ಭಾರದಷ್ಟು, ಒತ್ತಡ ಹೆಚ್ಚುವುದು. ಗೋಲದ ತಳವು ೫೦೦ ಮೀಟರ್ ಆಳದಲ್ಲಿರುವುದರಿಂದ ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ ೫೦ ಕಿಲೋಗ್ರಾಂ. ಒಂದು ಚದರ ಮೀಟರಿನ ಕಿಟಕಿಯ ಮೇಲೆ ಇದು ೫೦೦ ಟನ್ನಾಯಿತು. ಗೋಲದೊಳಗಿನ ಜನರು ನಾವು ಉಸಿರಾಡುವ ಸಾಮಾನ್ಯ ಗಾಳಿಯನ್ನೇ ಉಸಿರಾಡಬೇಕಾದರೆ, ಈ ಭಾರವನ್ನೆಲ್ಲ ಗೋಡೆಯೊಂದೇ ಹೊರಬೇಕು.

ಗೋಡೆ ಎಷ್ಟು ದಪ್ಪವಿರಬೇಕು? ಗೋಲವನ್ನು ಮನಸ್ಸಿನಲ್ಲಿಯೇ ತೆಂಗಿನಕಾಯಿಯಂತೆ ಎರಡು ಹೋಳು ಮಾಡೋಣ. ನೀರು ಈ ಎರಡು ಹೋಳುಗಳನ್ನು ಒಂದರ ಮೇಲೊಂದು ಅದುಮುತ್ತಿರುವುದು. ಅದುಮುವ ಬಲವು ಒತ್ತಡವನ್ನು ವೃತ್ತದ ಕ್ಷೇತ್ರಫಲದಿಂದ ಗುಣಿಸಿದಷ್ಟು. ಅದನ್ನು ತಡೆಯುವುದು ಹೋಳಿನ ಅಂಚಿನ ಉಂಗುರ ಮಾತ್ರ. ಎರಡನ್ನೂ ಸಮೀಕರಿಸಿದರೆ, ಗೋಡೆಯ ದಪ್ಪವು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ವಸ್ತುವಿನ ತಾಳಿಕೆಯ ಎರಡರಷ್ಟರಿಂದ ಭಾಗಿಸಿದಷ್ಟೆಂದು ತಿಳಿಯುವುದು. ಒಳ್ಳೆಯ ಉಕ್ಕು ಚದರ ಸೆಂಟಿಮೀಟರಿಗೆ ೨,೦೦೦ ಕಿಲೋಗ್ರಾಮಿನಷ್ಟನ್ನು ನಿರ್ಭಯವಾಗಿ ತಾಳಬಲ್ಲುದೆಂದು ಇಟ್ಟುಕೊಂಡರೆ, ೨೫೦ ಮೀಟರ್ ತ್ರಿಜ್ಯದ ಗೋಲಕ್ಕೆ ೩ ಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪದ ಉಕ್ಕು ಬೇಕು. ಗಾಜಿನ ಮಾತು ಅಲ್ಲಿಗೆ ಮುಗಿಯಿತು. ಗಾಜು ಅದುಮಿಕೆಯನ್ನು ಚೆನ್ನಾಗಿಯೇ ತಡೆಯಬಲ್ಲುದು. ಆದರೆ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ನಡತೆಯನ್ನು ನಂಬುವಂತಿಲ್ಲ.

೧೯೬೦ರ ಜನವರಿ ೨೩ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಎಂಬಿಬ್ಬರು ‘ತ್ರಿಯೆಸ್ತೆ’ ಎಂಬ ನೌಕೆಯಲ್ಲಿ ಶಾಂತಸಾಗರದ ಅತ್ಯಂತ ಆಳದ ಸ್ಥಳಕ್ಕೆ, ಸುಮಾರು ೧೦,೯೦೦ ಮೀಟರ್ ಕೆಳಗೆ, ಇಳಿದರು. ಅವರು ಕುಳಿತಿದ್ದುದು ಸುಮಾರು ೨ ಮೀಟರ್ ವ್ಯಾಸದ ಉಕ್ಕಿನ ಗೋಲದಲ್ಲಿ. ಅದರ ಗೋಡೆಯ ದಪ್ಪ ೧೨.೭ ಸೆಂಟಿಮೀಟರ್. ನೋಡುವ ಕಿಂಡಿಯು ಲಾಳಿಕೆಯ ಆಕಾರದ ಪಾರದರ್ಶಕ ಪ್ಲಾಸ್ಟಿಕ್ಕಿನ ಗಟ್ಟಿ. ಅದರ ಕಿರಿದಾದ ತುದಿ ಒಳಮುಖವಾಗಿತ್ತು. ಹೊರಗಿನ ನೀರು ಒತ್ತಿದಷ್ಟೂ ಅದು ತನ್ನ ಗೂಡಿನಲ್ಲಿ ಬಿಗಿಯಾಗುವುದು. ಕಡಲಿನೊಳಗಿನ ನಿಜವಾದ ಕಿಟಕಿ ಹೀಗಿರುವುದು: ಅಗಲವಾದ ಗಾಜಿನ ಗೋಡೆಯಲ್ಲ, ಬಿರಡೆ ಹೊಡೆದ ಸಣ್ಣ ಕಣ್ಣು. ಆಕಾರವನ್ನೂ ವಸ್ತುವನ್ನೂ ಲಘುವಾಗಿ ಎಣಿಸಲಾಗದು. ೨೦೨೩ರ ಜೂನ್ ತಿಂಗಳಲ್ಲಿ ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲು ಇಳಿದ ‘ಟೈಟನ್’ ಎಂಬ ನೌಕೆಯು ಒಳಮುಖವಾಗಿ ಕುಸಿದು ಐವರು ಮಡಿದರು. ಅದರ ಮುಖ್ಯ ಒಡಲು ಉಕ್ಕಿನ ಗೋಲವಾಗಿರಲಿಲ್ಲ; ಇಂಗಾಲದ ಎಳೆಗಳಿಂದ ಸುತ್ತಿದ ಉರುಳೆಯಾಗಿತ್ತು.

ಇಷ್ಟು ಹೇಳಿ, ೩ ಮೀಟರ್ ಉಕ್ಕೆಂಬ ಉತ್ತರದ ಕೆಳಗೆ ಎರಡು ಗೆರೆ ಎಳೆದು, ನಾವು ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಝಾಡಿಸಿಕೊಂಡೆವು. ಆಗ ಹಿಂದಿನ ಸಾಲಿನಿಂದ ವಿದ್ಯಾರ್ಥಿನಿಯೊಬ್ಬಳು “ಸಾರ್, ಅದು ಮುಳುಗಿ ನಿಲ್ಲುವುದೇ?” ಎಂದು ಕೇಳಿದಳು. ಪುಡಿಯಾಗುವ ಭಯದಲ್ಲಿ, ತೇಲುವ ಸಂಗತಿಯನ್ನು ನಾವು ಮರೆತೇ ಬಿಟ್ಟಿದ್ದೆವು! ಆರ್ಕಿಮಿಡೀಸನ ನಿಯಮವನ್ನು ವರ್ಷವರ್ಷವೂ ಬೋಧಿಸುವವರಿಗೆ ಇದು ನಾಚಿಕೆಯ ವಿಷಯವೇ ಸರಿ. ಮತ್ತೆ ಸೀಮೆಸುಣ್ಣ ಹಿಡಿದೆವು.

ಗೋಲದ ಗಾತ್ರ ಸುಮಾರು ೬ ಕೋಟಿ ೫೪ ಲಕ್ಷ ಘನ ಮೀಟರ್. ಅದು ಸರಿಸುವ ಕಡಲನೀರಿನ ತೂಕ ಸುಮಾರು ೬ ಕೋಟಿ ೭೦ ಲಕ್ಷ ಟನ್. ಇಷ್ಟು ಬಲದಿಂದ ಕಡಲು ಗೋಲವನ್ನು ಮೇಲಕ್ಕೆ ತಳ್ಳುವುದು. ಉಕ್ಕಿನ ಚಿಪ್ಪಿನ ತೂಕವೋ ಸುಮಾರು ೧ ಕೋಟಿ ೯೦ ಲಕ್ಷ ಟನ್ ಮಾತ್ರ. ‘ಮಾತ್ರ’ ಎಂದೆವು, ಪ್ಯಾರಿಸ್ಸಿನ ಐಫೆಲ್ ಗೋಪುರದ ಕಬ್ಬಿಣದ ತೂಕ ಸುಮಾರು ೭,೩೦೦ ಟನ್ನಾದುದರಿಂದ, ೨,೫೦೦ಕ್ಕೂ ಹೆಚ್ಚು ಐಫೆಲ್ ಗೋಪುರಗಳು ಈ ಚಿಪ್ಪಿನಲ್ಲಿ ಅಡಗಿವೆ. ಹಾಗಿದ್ದೂ ಅದನ್ನು ಬಿಟ್ಟರೆ ಗೋಲವು ಬೆಂಡಿನಂತೆ ಮೇಲೆದ್ದು, ಹತ್ತರಲ್ಲಿ ಏಳು ಪಾಲು ನೀರಿನ ಹೊರಗೆ ತೇಲುವುದು. ಮುಳುಗಿಸಿ ಇಡಲು ಇನ್ನೂ ೪ ಕೋಟಿ ೮೦ ಲಕ್ಷ ಟನ್ ಭಾರವನ್ನು ಹೇರಬೇಕು. ೫,೦೦೦ ಜನರ ತೂಕವನ್ನು ಕೂಡಿಸಿ ನೋಡಿದೆವು. ೩೫೦ ಟನ್ ಬಂದಿತು. ಮನುಷ್ಯನ ಭಾರ ಈ ಲೆಕ್ಕದಲ್ಲಿ ಧೂಳಿಗೆ ಸಮಾನ. ನೀರಿನಡಿಯ ಪಟ್ಟಣದ ವಾಸ್ತುಶಿಲ್ಪಿಯ ಮೊದಲ ಶತ್ರು ಭಾರವಲ್ಲ, ಹಗುರ ಎಂಬುದು ನಮಗೂ ಅಂದೇ ಮನದಟ್ಟಾದದ್ದು.

ಗೋಡೆಯ ತೊಂದರೆಯಿಂದ ಪಾರಾಗಲು ಜಾಣ ಉಪಾಯವೊಂದುಂಟು. ಖಾಲಿ ಲೋಟವನ್ನು ಬೋರಲಾಗಿ ನೀರಿನಲ್ಲಿ ಅದುಮಿದರೆ ಒಳಗಿನ ಗಾಳಿ ಹಾಗೆಯೇ ನಿಲ್ಲುವುದಷ್ಟೆ? ಮನೆಯ ನೆಲದಲ್ಲಿ ಒಂದು ತೆರಪನ್ನು ಬಿಟ್ಟು, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನ ನೀರಿನ ಒತ್ತಡಕ್ಕೆ ಸಮ ಮಾಡಿದರೆ, ಗೋಡೆಗೆ ಹೊರುವ ಕೆಲಸವೇ ಉಳಿಯದು. ಫ್ರಾನ್ಸಿನ ಜಾಕ್ ಕುಸ್ತೋ ೧೯೬೩ರಲ್ಲಿ ಕೆಂಪು ಸಮುದ್ರದಲ್ಲಿ, ಸೂಡಾನಿನ ತೀರದಾಚೆ, ಸುಮಾರು ೧೦ ಮೀಟರ್ ಆಳದಲ್ಲಿ ಇಂಥ ಮನೆಯನ್ನು ಕಟ್ಟಿಸಿದರು. ಅದರಲ್ಲಿ ಮುಳುಗುಗಾರರು ಒಂದು ತಿಂಗಳು ವಾಸವಾಗಿದ್ದರು. ಆಳ ಹೆಚ್ಚಿದರೆ ಮಾತ್ರ ಗೋಡೆಯ ಕಷ್ಟವು ಮನುಷ್ಯನ ಮೈಗೆ ಬರುವುದು. ಒತ್ತಡದ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿ ಕರಗಿ ಅಮಲೇರಿಸುವುದು. ಅವಸರದಿಂದ ಮೇಲೆ ಬಂದರೆ, ಸೋಡಾ ಸೀಸೆಯ ಮುಚ್ಚಳ ತೆಗೆದಂತೆ, ರಕ್ತದಲ್ಲಿ ಗುಳ್ಳೆಗಳೇಳುವುವು. ೧೯೬೫ರಲ್ಲಿ ೧೦೦ ಮೀಟರ್ ಆಳದಲ್ಲಿ ಕುಸ್ತೋ ಅವರ ಆರು ಜನ ಸಂಗಡಿಗರು ಮೂರು ವಾರ ಇದ್ದಾಗ, ಸಾರಜನಕದ ಬದಲು ಹೀಲಿಯಂ ಬೆರೆಸಿದ ಗಾಳಿಯನ್ನು ಉಸಿರಾಡಬೇಕಾಯಿತು. ಇಂಥ ಮನೆಯಿಂದ ಮಕ್ಕಳು ಬೆಳಿಗ್ಗೆ ಶಾಲೆಗೆಂದು ದಡಕ್ಕೆ ಹೋಗಿ ಸಂಜೆ ಹಿಂತಿರುಗುವಂತಿಲ್ಲ.

ಚಿತ್ರದಲ್ಲಿ ಇನ್ನೊಂದು ದೋಷವಿತ್ತು. ಕಲಾವಿದರು ನೀರನ್ನು ನೀಲಿ ಬಣ್ಣದ ಗಾಳಿಯೆಂದು ಎಣಿಸುವರು. ಮೈಲಿಯಾಚೆಯ ಗೋಪುರವೂ ಸ್ಪಷ್ಟವಾಗಿ ಕಾಣುವಂತೆ ಬರೆಯುವರು. ನೀರು ಬೆಳಕಿನ ವಿಷಯದಲ್ಲಿ ಬಲು ಜಿಪುಣ. ಬಿಸಿಲಿನ ಕೆಂಪು ಭಾಗವು ೧೦ ಮೀಟರ್ ಇಳಿಯುವುದರೊಳಗೆ ಬಹುಪಾಲು ಹೀರಿಹೋಗುವುದು; ಅಲ್ಲಿ ದಾಸವಾಳದ ಹೂವು ಕಪ್ಪಾಗಿ ತೋರೀತು. ೨೦೦ ಮೀಟರಿನ ಕೆಳಗೆ ಮಬ್ಬು, ೧,೦೦೦ ಮೀಟರಿನ ಕೆಳಗೆ ಕತ್ತಲೆ. ಅಡ್ಡಲಾಗಿ ನೋಡಿದರೂ, ನೀರು ಎಷ್ಟೇ ನಿರ್ಮಲವಾಗಿರಲಿ, ನೂರು ಮೀಟರಿನಾಚೆಯ ವಸ್ತು ಕಾಣುವುದು ದುರ್ಲಭ. ಎಂದ ಮೇಲೆ ೫೦೦ ಮೀಟರಿನ ಗೋಲವನ್ನು ಇಡಿಯಾಗಿ ಒಮ್ಮೆಗೇ ನೋಡಬಲ್ಲ ಕಣ್ಣು ಕಡಲಿನೊಳಗೆ ಎಲ್ಲಿಯೂ ಇಲ್ಲ. ಇನ್ನು ಒಳಗಿನಿಂದ ಮೇಲೆ ನೋಡಿದರೆ, ನೀರಿನ ವಕ್ರೀಭವನಾಂಕವು ೧.೩೩ ಆದುದರಿಂದ, ದಿಗಂತದಿಂದ ದಿಗಂತದವರೆಗಿನ ಇಡೀ ಆಕಾಶವು ಸುಮಾರು ೯೭ ಡಿಗ್ರಿ ಅಗಲದ ಒಂದು ವೃತ್ತದೊಳಗೆ ಮುದುಡಿಕೊಂಡಿರುವುದು. ವೃತ್ತದ ಹೊರಗೆ ನೀರಿನ ಮೇಲ್ಮೈ ಕನ್ನಡಿಯಾಗಿ ಕೆಳಗಿನ ಕತ್ತಲೆಯನ್ನೇ ತೋರಿಸುವುದು. ಇದನ್ನು ಬರೆದ ಚಿತ್ರಗಳನ್ನು ನಾವು ಕಂಡಿರುವುದು ವಿರಳ. ಬರೆದರೆ ಎಷ್ಟು ಸೊಗಸು!

ಗಣಕಯಂತ್ರದ ಚಿತ್ರಕಾರರಿಗೆ ನೀರಿನ ಗಣಿತ ತಿಳಿಯದೆಂದು ಇದರಿಂದ ಭಾವಿಸಲಾಗದು. ಜೆರಿ ಟೆಸೆಂಡಾರ್ಫ್ ಎಂಬ ವಿಜ್ಞಾನಿಯ ವಿಧಾನದಲ್ಲಿ ಕಡಲಿನ ಮೇಲ್ಮೈಯು ಸಾವಿರಾರು ಸರಳ ಅಲೆಗಳ ಮೊತ್ತ. ಉದ್ದ ಅಲೆ ವೇಗವಾಗಿ, ಗಿಡ್ಡ ಅಲೆ ನಿಧಾನವಾಗಿ ಓಡುವುದೆಂಬ ನಿಯಮದಂತೆ ಪ್ರತಿಯೊಂದನ್ನೂ ಅದರದರ ವೇಗದಲ್ಲಿ ಚಲಿಸಗೊಟ್ಟು ಕೂಡಿಸುವರು. ೧೯೯೫ರ ‘ವಾಟರ್‌ವರ್ಲ್ಡ್’, ೧೯೯೭ರ ‘ಟೈಟಾನಿಕ್’ ಚಲನಚಿತ್ರಗಳ ಕಡಲು ಈ ಲೆಕ್ಕದಿಂದ ಹುಟ್ಟಿದ್ದು. ಅಲೆಗೆ ಇಷ್ಟು ನಿಷ್ಠೆಯನ್ನು ತೋರುವವರು, ಅಲೆಯ ಕೆಳಗೆ ಕಟ್ಟುವ ಮನೆಗೂ ಸ್ವಲ್ಪ ತೋರಬಾರದೇಕೆ?

ಅಲೆಯ ಅದೇ ಗಣಿತದಲ್ಲಿ ನಮ್ಮ ವಿದ್ಯಾರ್ಥಿಗೆ ಬೇಕಾದ ಸಂಗತಿಯೂ ಅಡಗಿತ್ತು. ಅಲೆಯು ಮೇಲ್ಮೈಯ ವ್ಯಾಪಾರ. ಆಳಕ್ಕೆ ಹೋದಂತೆ ನೀರಿನ ಕುಲುಕಾಟ ಬೇಗನೆ ಅಡಗುವುದು. ಅಲೆಯುದ್ದದ ಅರ್ಧದಷ್ಟು ಆಳದಲ್ಲಿ ಅದು ಮೇಲಿನದರ ಶೇಕಡ ೪ರಷ್ಟು ಮಾತ್ರ. ೧೦೦ ಮೀಟರ್ ಉದ್ದದ ಅಲೆಯು ಮೇಲೆ ಅಬ್ಬರಿಸುತ್ತಿದ್ದರೂ ೫೦ ಮೀಟರ್ ಕೆಳಗಿನ ನೀರು ಹೆಚ್ಚುಕಡಿಮೆ ನೆಮ್ಮದಿಯಾಗಿರುವುದು. ಹಾಗಾದರೆ ತೇಲಿಸುವ ಗಾಳಿಯ ತೊಟ್ಟಿಗಳನ್ನು ಆ ನೆಮ್ಮದಿಯ ನೀರಿನಲ್ಲಿಟ್ಟು, ತೆಳುವಾದ ಕಂಬಗಳನ್ನು ಮೇಲಕ್ಕೆ ಹಾಯಿಸಿ, ಅಲೆಗೆ ಎಟುಕದ ಎತ್ತರದಲ್ಲಿ ಅಟ್ಟವನ್ನು ಕಟ್ಟಿದರೆ ಹೇಗೆ? ಅಲೆಗೆ ಸಿಕ್ಕುವುದು ಕಂಬಗಳಷ್ಟೇ. ಜಪಾನಿನ ವಾಸ್ತುಶಿಲ್ಪಿ ಕಿಕುತಾಕೆ ಕಿಯೊನೊರಿ ೧೯೫೮ರಿಂದಲೂ ಕಡಲ ಪಟ್ಟಣಗಳ ನಕ್ಷೆ ಬರೆಯುತ್ತಿದ್ದವರು. ೧೯೭೫ರ ಓಕಿನಾವಾ ಪ್ರದರ್ಶನಕ್ಕಾಗಿ ಅವರು ರೂಪಿಸಿದ, ಪಕ್ಕವೊಂದಕ್ಕೆ ಸುಮಾರು ೧೦೦ ಮೀಟರಿನ ‘ಅಕ್ವಾಪೊಲಿಸ್’ ಈ ತತ್ತ್ವದ ಮೇಲೆಯೇ ನಿಂತಿತ್ತು. ಜನರು ಅದರ ಮೇಲೆ ನಡೆದಾಡಿದರು. ಪ್ರದರ್ಶನದ ಭರಾಟೆ ಮುಗಿದ ಮೇಲೆ ಅದನ್ನು ಕೇಳುವವರಿಲ್ಲದೆ, ೨೦೦೦ದಲ್ಲಿ ಶಾಂಘೈಗೆ ಎಳೆದೊಯ್ದು ಗುಜರಿಗೆ ಹಾಕಿದರು. ಅದನ್ನು ಉಳಿಸಿಕೊಳ್ಳಬೇಕಾಗಿತ್ತೆಂದು ನಮ್ಮ ಅಭಿಪ್ರಾಯ. ಕಾಗದದಿಂದ ಕಡಲಿಗೆ ಇಳಿದ ಇಂಥ ಕಲ್ಪನೆಗಳು ಬೆರಳೆಣಿಕೆಯಷ್ಟು. ೨೦೨೨ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ನಗರಕ್ಕಾಗಿ ೧೨,೦೦೦ ಜನರು ವಾಸಿಸುವ ತೇಲುಬಡಾವಣೆಯ ಮಾದರಿ ಪ್ರಕಟವಾದಾಗಲೂ ಮೊದಲು ಬಂದದ್ದು ಗಣಕಯಂತ್ರದ ಚಿತ್ರಗಳೇ.

ಎರಡು ವಾರ ಕಳೆದ ಮೇಲೆ ವಿದ್ಯಾರ್ಥಿಯು ಹೊಸ ಚಿತ್ರವನ್ನು ತಂದನು. ಗೋಲವಿಲ್ಲ, ಗಾಜಿಲ್ಲ. ಮೇಲೆ ತಗ್ಗಾದ ಮಾಡುಗಳ ಸಾಲು, ಚಾವಡಿಯಲ್ಲಿ ಒಣಗಲು ಹರಡಿದ ಬಲೆ. ಚಿತ್ರದ ಮುಕ್ಕಾಲು ಭಾಗ ನೀರಿನ ಕೆಳಗಿನದು: ಹಸುರುಗಪ್ಪು ಮಬ್ಬಿನಲ್ಲಿ ಕಂಬಗಳು ಇಳಿಯುತ್ತ ಇಳಿಯುತ್ತ ಮಸುಕಾಗುತ್ತವೆ; ತೊಟ್ಟಿಗಳು ಕಾಣುವುದೇ ಇಲ್ಲ, ಅವುಗಳ ನೆರಳಿನಂಥದೇನೋ ಇದೆ. ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಸರಿಸಿದ ನೀರಿನ ತೂಕ, ಕಟ್ಟಡದ ತೂಕ. ಲೆಕ್ಕ ಸರಿಯಾಗಿತ್ತು. “ಆದರೆ ಇದನ್ನು ಕಟ್ಟಿಹಾಕುವುದು ಹೇಗೆ ಸಾರ್? ಜೂನ್ ತಿಂಗಳ ಗಾಳಿಗೆ ಇದು ಎಲ್ಲಿಗೆ ಹೋದೀತು?” ಎಂದು ಕೇಳಿದನು. ಲಂಗರಿನ ಸರಪಣಿಯು ನೀರಿನಲ್ಲಿ ತಾಳುವ ಬಾಗಿನ ಲೆಕ್ಕವನ್ನು ಮುಂದಿನ ಸೋಮವಾರಕ್ಕೆ ಇಟ್ಟುಕೊಂಡೆವು.