ದೇಶದ ಎಣ್ಣೆ ಹಗೇವು ಮತ್ತು ರೈತನ ಡೀಸೆಲ್ ಖರ್ಚು

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಹಿರಿಯ ರೈತರಿಗೆ ಹಗೇವು ಹೊಸದಲ್ಲ. ಗಟ್ಟಿ ನೆಲ ನೋಡಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಸುಗ್ಗಿಯಲ್ಲಿ ತುಂಬಿದ ಹಗೇವು ಬರಗಾಲದಲ್ಲಿ ಮನೆಯನ್ನು ಕಾಯುತ್ತಿತ್ತು. ಇಂದು ದೇಶವೂ ಅಂಥದೇ ಹಗೇವುಗಳನ್ನು ತೋಡಿಕೊಂಡಿದೆ. ಅವುಗಳಲ್ಲಿ ತುಂಬುವುದು ಜೋಳವಲ್ಲ, ಕಚ್ಚಾ ತೈಲ. ಅವುಗಳ ಮುಕ್ಕಾಲು ಭಾಗ ಇರುವುದು ಕರ್ನಾಟಕದ ನೆಲದಲ್ಲಿಯೇ. ಈ ದಾಸ್ತಾನಿನ ನೀತಿಯಿಂದ ಯಾರಿಗೆ ಏನು ಲಾಭ, ಯಾರ ಮೇಲೆ ಏನು ಭಾರ ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಇಂದಿನ ಬೇಸಾಯದಲ್ಲಿ ಉಳುಮೆಯಿಂದ ಮಾರುಕಟ್ಟೆಯವರೆಗೆ ಡೀಸೆಲ್ ಇಲ್ಲದ ಕೆಲಸ ಕಡಿಮೆ.

ನಮ್ಮ ನೆಲದಲ್ಲಿ ಎಣ್ಣೆ ಏಕಿಲ್ಲ?

ಭೂಮಿಯಲ್ಲಿ ಎಣ್ಣೆ ಸಿಗುವುದು ಸಾಮಾನ್ಯವಾಗಿ ಹಳೆಯ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಮೆದು ಕಲ್ಲಿನ ನಡುವೆ. ಶಹಾಪುರ, ಯಾದಗಿರಿಯ ಗುಡ್ಡಗಳು ಬಹುಪಾಲು ಕರಿಗಲ್ಲು, ಗ್ರಾನೈಟಿನವು. ಭೀಮಾ ಕೊಳ್ಳದಲ್ಲಿ ಸುಣ್ಣದ ಕಲ್ಲಿನ ಪದರಗಳಿದ್ದರೂ ಅವು ಅತಿ ಪುರಾತನವಾದವು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ನೆಲ ಕೊರೆದು ನೋಡಿದ್ದು ಯುರೇನಿಯಂ ಅದಿರಿಗಾಗಿ, ಎಣ್ಣೆಗಾಗಿ ಅಲ್ಲ. ಕರ್ನಾಟಕದಲ್ಲಿ ಇಂದಿಗೂ ಎಣ್ಣೆ ಬಾವಿ ಇಲ್ಲ.

ದೇಶದಲ್ಲಿ ಎಣ್ಣೆ ಹುಡುಕಲು 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಸ್ಥಾಪನೆಯಾಯಿತು. 1974ರಲ್ಲಿ ಮುಂಬಯಿ ಕಡಲಿನಲ್ಲಿ ‘ಸಾಗರ್ ಸಾಮ್ರಾಟ್’ ಎಂಬ ಕೊರೆಯುವ ನೌಕೆಯಿಂದ ಬಾಂಬೆ ಹೈ ನಿಕ್ಷೇಪ ಸಿಕ್ಕಿತು; 1976ರಲ್ಲಿ ಉತ್ಪಾದನೆ ಆರಂಭವಾಯಿತು. 1990ರ ದಶಕದಿಂದ ಖಾಸಗಿ ಕಂಪನಿಗಳಿಗೂ ಹರಾಜಿನ ಮೂಲಕ ಕ್ಷೇತ್ರಗಳನ್ನು ಕೊಡಲಾಯಿತು. ರಾಜಸ್ಥಾನದ ಬಾಡಮೇರಿನಲ್ಲಿ 2009ರಿಂದ ಎಣ್ಣೆ ಬರುತ್ತಿದೆ. ಆದರೂ 2023-24ರಲ್ಲಿ ದೇಶದಲ್ಲಿ ತೆಗೆದ ಕಚ್ಚಾ ತೈಲ ಸುಮಾರು 2.9 ಕೋಟಿ ಟನ್. ಹೊರಗಿನಿಂದ ತಂದದ್ದು 23 ಕೋಟಿ ಟನ್ನಿಗೂ ಹೆಚ್ಚು.

ಇಲ್ಲಿ ಒಂದು ಮಾತು ಗಮನಿಸಬೇಕು. ದೇಶದೊಳಗೆ ತೆಗೆದ ಎಣ್ಣೆಯ ಬೆಲೆಯೂ ಅಂತರರಾಷ್ಟ್ರೀಯ ಬೆಲೆಯನ್ನೇ ಅನುಸರಿಸುತ್ತದೆ. ಆದ್ದರಿಂದ ಹೆಚ್ಚು ಬಾವಿ ಕೊರೆದರೆ ವಿದೇಶೀ ವಿನಿಮಯ ಉಳಿಯುತ್ತದೆ, ಎಣ್ಣೆ ದೊರೆಯುವ ಅಸ್ಸಾಂ, ಗುಜರಾತ್, ರಾಜಸ್ಥಾನಗಳಿಗೆ ರಾಜಧನ ಬರುತ್ತದೆ. ಆದರೆ ಸುರಪುರದ ಬಂಕಿನಲ್ಲಿ ಡೀಸೆಲ್ ತಾನಾಗಿಯೇ ಅಗ್ಗವಾಗುವುದಿಲ್ಲ.

ಕಲ್ಲಿನೊಳಗಿನ ಹಗೇವು

1973ರ ಅರಬ್-ಇಸ್ರೇಲ್ ಯುದ್ಧದ ಕಾಲದಲ್ಲಿಯೂ 1990ರ ಕುವೈತ್ ಬಿಕ್ಕಟ್ಟಿನಲ್ಲಿಯೂ ಎಣ್ಣೆಯ ಅಭಾವದ ಬಿಸಿ ದೇಶಕ್ಕೆ ತಟ್ಟಿತ್ತು. ಇಂಥ ಸಂದರ್ಭಕ್ಕೆಂದು 2004ರಲ್ಲಿ ಕೇಂದ್ರ ಸರಕಾರ ಒಂದು ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿ ಮೂರು ಕಡೆ ಭೂಗತ ಸಂಗ್ರಹಾಗಾರಗಳನ್ನು ಕಟ್ಟಿಸಿತು. ಅವುಗಳ ಸಾಮರ್ಥ್ಯ ಹೀಗಿದೆ:

ವಿಶಾಖಪಟ್ಟಣ – 13.3 ಲಕ್ಷ ಟನ್
ಮಂಗಳೂರು – 15 ಲಕ್ಷ ಟನ್
ಪಾದೂರು (ಉಡುಪಿ ಜಿಲ್ಲೆ) – 25 ಲಕ್ಷ ಟನ್
ಒಟ್ಟು – 53.3 ಲಕ್ಷ ಟನ್

ಇವು ಉಕ್ಕಿನ ತೊಟ್ಟಿಗಳಲ್ಲ. ಗಟ್ಟಿ ಬಂಡೆಯನ್ನು ಕೊರೆದು ಮಾಡಿದ, ಹತ್ತಂತಸ್ತಿನ ಕಟ್ಟಡದಷ್ಟು ಎತ್ತರದ ಗುಹೆಗಳು. ಗೋಡೆಗೆ ಲೇಪವಿಲ್ಲ. ಹಾಗಾದರೆ ಎಣ್ಣೆ ಸೋರುವುದಿಲ್ಲವೇ? ಗುಹೆಯ ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ಅಂತರ್ಜಲ ತುಂಬಿರುತ್ತದೆ. ಆ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಾಗಿರುವಂತೆ ನೋಡಿಕೊಂಡರೆ, ನೀರು ಸ್ವಲ್ಪ ಒಳಕ್ಕೆ ಜಿನುಗಬಹುದೇ ಹೊರತು ಎಣ್ಣೆ ಹೊರಕ್ಕೆ ಹೋಗಲಾರದು. ಒಳಗೆ ಬಂದ ನೀರು ತಳದಲ್ಲಿ ನಿಲ್ಲುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ನೀರನ್ನು ಪಂಪು ಮಾಡಿ ತೆಗೆಯುತ್ತಾರೆ. ಆದ್ದರಿಂದ ಇಂಥ ಗುಹೆಯ ಸುತ್ತಲಿನ ಅಂತರ್ಜಲ ಮಟ್ಟವನ್ನು ಕಾಪಾಡುವುದು ಅತ್ಯಗತ್ಯ.

ಮೂರೂ ಗುಹೆಗಳು ತುಂಬಿದ್ದರೆ ದೇಶದ ಸುಮಾರು ಒಂಬತ್ತೂವರೆ ದಿನದ ಬೇಡಿಕೆಗೆ ಸಾಲುತ್ತದೆ ಎಂಬುದು ಸರಕಾರದ ಲೆಕ್ಕ. ತೈಲ ಕಂಪನಿಗಳ ಸ್ವಂತ ದಾಸ್ತಾನಿನ ಸಾಮರ್ಥ್ಯ ಇದಕ್ಕೆ ಹೊರತು. ಅದನ್ನೂ ಸೇರಿಸಿದರೆ ಒಟ್ಟು ಸುಮಾರು 74 ದಿನ. 2021ರ ಜುಲೈನಲ್ಲಿ ಒಡಿಶಾದ ಚಂಡಿಖೋಲ್ ಹಾಗೂ ಪಾದೂರಿನಲ್ಲಿ ಎರಡನೆಯ ಹಂತಕ್ಕೆ ಮಂಜೂರಾತಿ ದೊರೆಯಿತು.

ಹಗೇವು ತುಂಬಿದಾಗ ಲಾಭ ಯಾರಿಗೆ?

2020ರ ಏಪ್ರಿಲ್-ಮೇ ತಿಂಗಳಲ್ಲಿ ಕೊರೋನಾ ಕಾರಣದಿಂದ ಕಚ್ಚಾ ತೈಲದ ಬೆಲೆ ಕುಸಿಯಿತು. ಆಗ ಪೀಪಾಯಿಗೆ ಸರಾಸರಿ 19 ಡಾಲರಿನಂತೆ ಎಣ್ಣೆ ಕೊಂಡು ಗುಹೆಗಳನ್ನು ತುಂಬಿದ್ದರಿಂದ ಸುಮಾರು 5000 ಕೋಟಿ ರೂಪಾಯಿ ಉಳಿತಾಯವಾಯಿತೆಂದು ಸರಕಾರ ತಿಳಿಸಿತು. ಸುಗ್ಗಿಯಲ್ಲಿ ಜೋಳ ತುಂಬಿದಂತೆಯೇ ಇದು ಜಾಣತನದ ಕೆಲಸ.

ಆದರೆ ಅದೇ ವರ್ಷ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಡೀಸೆಲ್ ಮೇಲಿನ ಕೇಂದ್ರ ಅಬಕಾರಿ ಸುಂಕವನ್ನು ಲೀಟರಿಗೆ ಒಟ್ಟು 16 ರೂಪಾಯಿ ಏರಿಸಲಾಯಿತು. ಹೀಗಾಗಿ ಜಗತ್ತಿನಲ್ಲಿ ಎಣ್ಣೆ ಅಗ್ಗವಾದಾಗ ಆ ಅಗ್ಗ ರೈತನ ಕ್ಯಾನಿಗೆ ಇಳಿಯಲಿಲ್ಲ. ಸರಕಾರದ ಖಜಾನೆಗೆ ಹೋಯಿತು. 2021ರ ನವೆಂಬರಿನಲ್ಲಿ ಸುಂಕ 10 ರೂಪಾಯಿ, 2022ರ ಮೇ ತಿಂಗಳಲ್ಲಿ 6 ರೂಪಾಯಿ ಇಳಿಯಿತು. ರಾಜ್ಯ ಸರಕಾರವೂ 2021ರ ನವೆಂಬರಿನಲ್ಲಿ 7 ರೂಪಾಯಿಯಷ್ಟು ಇಳಿಸಿ, 2024ರ ಜೂನ್ ಹಾಗೂ 2025ರ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆಯನ್ನು ಮತ್ತೆ ಏರಿಸಿತು.

2021ರ ನವೆಂಬರಿನಲ್ಲಿ ಬೇರೆ ದೇಶಗಳೊಂದಿಗೆ ಸೇರಿ ಬೆಲೆ ತಗ್ಗಿಸಲೆಂದು 50 ಲಕ್ಷ ಪೀಪಾಯಿ ದಾಸ್ತಾನು ಬಿಡುವುದಾಗಿ ಭಾರತ ಪ್ರಕಟಿಸಿತು. ಇದು ದೇಶದ ಸುಮಾರು ಒಂದು ದಿನದ ಬಳಕೆ ಮಾತ್ರ. ಮರುವರ್ಷ ಮಾರ್ಚಿನಲ್ಲಿ ಉಕ್ರೇನ್ ಯುದ್ಧದಿಂದ ಬೆಲೆ ಪೀಪಾಯಿಗೆ 120 ಡಾಲರ್ ದಾಟಿತು. ಇದರಿಂದ ತಿಳಿಯುವುದೇನೆಂದರೆ, ಹಗೇವು ಅಭಾವವನ್ನು ಕೆಲವು ದಿನ ತಡೆಯಬಲ್ಲದು. ಬೆಲೆಯನ್ನು ಹಿಡಿದು ನಿಲ್ಲಿಸಲಾರದು. ಬಂಕಿನ ಬೆಲೆಯನ್ನು ನಿರ್ಧರಿಸುವುದು ಕಚ್ಚಾ ತೈಲದ ಬೆಲೆ, ರೂಪಾಯಿಯ ಮೌಲ್ಯ ಮತ್ತು ಎರಡೂ ಸರಕಾರಗಳ ತೆರಿಗೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರಕಾರಿ ನಿಯಂತ್ರಣವನ್ನು ತೆಗೆದ ಮೇಲೆ ಈ ಏರಿಳಿತ ಇನ್ನಷ್ಟು ನೇರವಾಗಿದೆ.

ಭಾರ ಯಾರ ಮೇಲೆ ಎಷ್ಟು?

ಟ್ರ್ಯಾಕ್ಟರ್ ಮಾಲೀಕ: ಡೀಸೆಲ್ ಏರಿದರೆ ಬಾಡಿಗೆ ಏರಿಸಿ ಸ್ವಲ್ಪ ಮಟ್ಟಿಗೆ ಸರಿದೂಗಿಸಿಕೊಳ್ಳಬಲ್ಲ. ಆದರೆ ಸಾಲದ ಕಂತು ಇದ್ದವನಿಗೆ ಕೆಲಸ ಕಡಿಮೆಯಾದರೆ ಕಷ್ಟ.

ಬಾಡಿಗೆಗೆ ಹೊಡೆಸುವ ಸಣ್ಣ ರೈತ: ಹೆಚ್ಚಿನ ಪೆಟ್ಟು ಇವನಿಗೇ. ಉದಾಹರಣೆಗೆ, ಉಳುಮೆ, ಹರಗುವುದು, ಬಿತ್ತನೆ, ಸಾಗಾಟ ಸೇರಿ ಎಕರೆಗೆ 20 ಲೀಟರ್ ಡೀಸೆಲ್ ಬೇಕೆಂದಿಟ್ಟುಕೊಂಡರೆ, ಲೀಟರಿಗೆ 10 ರೂಪಾಯಿ ಏರಿದಾಗ ನಾಲ್ಕು ಎಕರೆಯವನಿಗೆ 800 ರೂಪಾಯಿ ಹೆಚ್ಚು ಖರ್ಚು. ಆದರೆ ಬಾಡಿಗೆ ನೂರರ ಲೆಕ್ಕದಲ್ಲಿ ಏರುತ್ತದೆ; ಡೀಸೆಲ್ ಇಳಿದಾಗ ಅಷ್ಟೇ ಬೇಗ ಇಳಿಯುವುದಿಲ್ಲ. ಹತ್ತಿ, ತೊಗರಿಯ ಬೆಲೆ ಮಾತ್ರ ಡೀಸೆಲ್ ಜೊತೆ ಏರುವುದಿಲ್ಲ.

ಕಾಲುವೆ ಕೆಳಗಿನ ಭತ್ತದ ರೈತ: ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ಡೀಸೆಲ್ ಬೇಡವಾದರೂ ಕೆಸರು ಹೊಡೆಯಲು, ಯಂತ್ರದಿಂದ ಕೊಯ್ಯಲು ಬೇಕೇ ಬೇಕು. ಮಳೆ ಮೋಡ ಕಂಡಾಗ ಬಾಡಿಗೆ ಚೌಕಾಶಿಗೆ ಅವಕಾಶವಿರುವುದಿಲ್ಲ.

ಶಹಾಪುರ, ಸುರಪುರದ ಪ್ರಯಾಣಿಕ: ಯಾದಗಿರಿ ಪಟ್ಟಣಕ್ಕೆ ರೈಲುಮಾರ್ಗವಿದೆ, ಶಹಾಪುರ, ಸುರಪುರ ಪಟ್ಟಣಗಳು ರಸ್ತೆಯನ್ನೇ ನಂಬಿವೆ. 2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ನಿಗಮಗಳು ಬಸ್ ದರವನ್ನು ಶೇಕಡ 15ರಷ್ಟು ಏರಿಸಿದವು. ಡೀಸೆಲ್ ವೆಚ್ಚ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ದುಡಿಯಲು ಬೆಂಗಳೂರಿಗೆ ಹೋಗುವ ಕೂಲಿಕಾರನ ಕೈಯಿಂದಲೂ ಇದು ಹೋಗುತ್ತದೆ.

ಕರಾವಳಿಯ ರೈತ: ಪಾದೂರು ಮತ್ತು ಮಂಗಳೂರಿನ ಯೋಜನೆಗಳಿಗೆ ಭೂಮಿ ಬೇಕಾಯಿತು, ಕೊಳವೆ ಮಾರ್ಗ ಹಾದ ಹೊಲಗಳ ಮೇಲೆ ನಿರ್ಬಂಧ ಬಂತು. ದೇಶದ ಭದ್ರತೆ ಎಲ್ಲರದು, ಕಳೆದುಕೊಂಡ ತೋಟ ಮಾತ್ರ ಒಬ್ಬನದು. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಮನೆಗಳು ಮುಳುಗಿದ್ದನ್ನು ಬಲ್ಲ ಕೃಷ್ಣಾ ಕಾಲುವೆಯ ರೈತರಿಗೆ ಈ ನೋವು ಅರ್ಥವಾಗದ್ದೇನಲ್ಲ.

ಕೊಳವೆ ಮಾರ್ಗ ಹೊಲದಲ್ಲಿ ಹಾದರೆ

ಪೆಟ್ರೋಲಿಯಂ ಮತ್ತು ಅನಿಲ ಕೊಳವೆಗಳಿಗೆ 1962ರ ಕಾಯಿದೆ ಅನ್ವಯಿಸುತ್ತದೆ. ಇದರಂತೆ ಭೂಮಿಯ ಒಡೆತನ ರೈತನಲ್ಲಿಯೇ ಉಳಿಯುತ್ತದೆ. ಸರಕಾರ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಕೊಳವೆ ಹೂತ ಮೇಲೆ ಜೋಳ, ತೊಗರಿಯಂಥ ಬೆಳೆ ತೆಗೆಯಬಹುದು. ಮನೆ ಕಟ್ಟುವುದು, ಬಾವಿ-ಕೆರೆ ತೋಡುವುದು, ಮರ ನೆಡುವುದು ನಿಷಿದ್ಧ. ಭೂಮಿಯ ಮಾರುಕಟ್ಟೆ ಬೆಲೆಯ ಶೇಕಡ 10 ಹಾಗೂ ಬೆಳೆ, ಮರಗಳ ನಷ್ಟಕ್ಕೆ ಪರಿಹಾರ ಸಲ್ಲುತ್ತದೆ. ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆಯನ್ನು ಬರೆದು ಕೊಡಬೇಕು. ನೋಟೀಸು ಬಂದಾಗ ಪಹಣಿ ಸರಿಯಾಗಿದೆಯೇ, ಮರಗಳ ಲೆಕ್ಕ ಪೂರ್ತಿ ಬರೆದಿದೆಯೇ ಎಂದು ನೋಡಿಕೊಂಡೇ ಸಹಿ ಮಾಡುವುದು ಕ್ಷೇಮ.

ರೈತರ ಕೈಯಲ್ಲಿರುವ ಉಳಿತಾಯ

ತೆರಿಗೆಯೂ ಜಾಗತಿಕ ಬೆಲೆಯೂ ರೈತನ ಕೈಯಲ್ಲಿಲ್ಲ. ಆದರೆ ಕೆಳಗಿನ ಕ್ರಮಗಳು ಅವನ ಕೈಯಲ್ಲಿವೆ.

1. ಡೀಸೆಲ್ ಸೋರಿಕೆ ತಡೆಯಿರಿ. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ಸುಮಾರು 4 ಲೀಟರ್ ನಷ್ಟ.
2. ಗಾಳಿ ಶೋಧಕವನ್ನು ಕಾಲಕಾಲಕ್ಕೆ ಸ್ವಚ್ಛಗೊಳಿಸಿ. ಎರೆಹೊಲದ ಧೂಳಿನಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ. ಎಂಜಿನ್ ಕಪ್ಪು ಹೊಗೆ ಬಿಟ್ಟರೆ ಶೋಧಕ, ನಾಜಲ್ ಪರೀಕ್ಷಿಸಿ.
3. ಎರೆಭೂಮಿಯನ್ನು ಸರಿಯಾದ ಹದದಲ್ಲಿ ಉಳುಮೆ ಮಾಡಿ. ಒಣಗಿ ಬಿರಿದ ಅಥವಾ ತೀರ ಹಸಿಯಾದ ನೆಲ ಹೆಚ್ಚು ಡೀಸೆಲ್ ತಿನ್ನುತ್ತದೆ.
4. ಹೊಲದ ಉದ್ದಕ್ಕೆ ಸಾಲು ಹೊಡೆಯಿರಿ, ಹೊರಳುವುದು ಕಡಿಮೆಯಾಗುತ್ತದೆ. ಅಕ್ಕಪಕ್ಕದ ಸಣ್ಣ ಹಿಡುವಳಿದಾರರು ಒಂದೇ ದಿನ ಕೂಡಿ ಹೊಡೆಸಿದರೆ ಬಾಡಿಗೆಯಲ್ಲಿಯೂ ಮಾತಾಡಿಕೊಳ್ಳಬಹುದು.
5. ಕೆಲಸವಿಲ್ಲದಾಗ ಎಂಜಿನ್ ಆರಿಸಿ.
6. ಡೀಸೆಲ್ ಕ್ಯಾನನ್ನು ಮನೆಯೊಳಗೆ, ಹತ್ತಿಕಟ್ಟಿಗೆ ಅಥವಾ ಮೇವಿನ ಬಣವೆಯ ಬಳಿ ಇಡಬೇಡಿ. ಟ್ಯಾಂಕನ್ನು ಸಂಜೆಯೇ ತುಂಬಿಸಿದರೆ ರಾತ್ರಿ ಒಳಗೆ ತೇವ ಕಟ್ಟುವುದು ಕಡಿಮೆ.
7. ಬಾಡಿಗೆ ಯಂತ್ರದ ದರ ಕೇಳುವಾಗ ಗಂಟೆಯ ಲೆಕ್ಕವೋ ಎಕರೆಯ ಲೆಕ್ಕವೋ ಮೊದಲೇ ಗೊತ್ತುಮಾಡಿಕೊಳ್ಳಿ.

ಯಂತ್ರಗಳ ಬಗೆಗಿನ ಹೆಚ್ಚಿನ ಸಲಹೆಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ ಕಾಣಬಹುದು.

ಹಿಂದೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲೆಂದು ಕಾದು, ಎಷ್ಟು ಉಳಿದಿದೆ, ಯಾರಿಗೆ ಎಷ್ಟು ಎಂದು ಲೆಕ್ಕ ಹಾಕಿ ತೆಗೆಯುತ್ತಿದ್ದರು. ದೇಶದ ಎಣ್ಣೆ ಹಗೇವಿಗೂ ಇದೇ ಲೆಕ್ಕ ಬೇಕು. ಅದನ್ನು ತುಂಬಿದ್ದು ಎಲ್ಲರ ತೆರಿಗೆಯ ಹಣದಿಂದ. ಅದರಿಂದ ಬರುವ ರಕ್ಷಣೆ ಬಾಡಿಗೆಗೆ ಹೊಡೆಸುವ ನಾಲ್ಕು ಎಕರೆಯ ರೈತನವರೆಗೂ ಮುಟ್ಟಿದಾಗಲೇ ಹಗೇವು ತೋಡಿದ್ದು ಸಾರ್ಥಕ.