ಕಾಡ್ಗಿಚ್ಚಿನ ಗತಿಯನ್ನು ಮುಂಗಾಣುವುದರಲ್ಲಿ ಡ್ರೋನುಗಳ ಉಪಯೋಗ

ಕಾಡಿನ ಅಂಚಿನಲ್ಲಿ ಹೊಲಗದ್ದೆಗಳನ್ನುಳ್ಳ ರೈತರಿಗೆ ಕಾಡ್ಗಿಚ್ಚಿನ ಭಯವು ಹೊಸದಲ್ಲ. ಮಾಘಮಾಸವು ಕಳೆಯುತ್ತ ಬಂದಂತೆ ಹುಲ್ಲು ಒಣಗಿ, ತೇಗ, ಮತ್ತಿ ಮುಂತಾದ ಮರಗಳು ಎಲೆಯುದುರಿಸಿ, ನೆಲವೆಲ್ಲವೂ ತರಗಿನಿಂದ ಮುಚ್ಚಿಹೋಗುವುದು. ಆಗ ಒಂದು ಕಿಡಿಯೇ ಸಾಕು. 2019ನೆಯ ಇಸವಿ ಫೆಬ್ರವರಿ ತಿಂಗಳಿನ ಕೊನೆಯಲ್ಲಿ ಬಂಡೀಪುರದ ಅರಣ್ಯದಲ್ಲಿ ಹೊತ್ತಿದ ಬೆಂಕಿಯು ಒಣಹುಲ್ಲನ್ನೂ ಲಂಟಾನದ ಪೊದೆಗಳನ್ನೂ ಹಿಡಿದು, ಕೆಲವೇ ದಿವಸಗಳಲ್ಲಿ 10,000 ಎಕರೆಗಳಿಗೆ ಮಿಕ್ಕ ಪ್ರದೇಶವನ್ನು ಸುಟ್ಟುಬಿಟ್ಟಿತು. ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಹಸಿಸೊಪ್ಪಿನ ಕೊಂಬೆಗಳಿಂದ ಬೆಂಕಿಯನ್ನು ಬಡಿಯುವ ಆಳುಗಳನ್ನು ಎಲ್ಲಿ ನಿಲ್ಲಿಸಬೇಕು, ಯಾವ ಹಳ್ಳಿಯ ದನಕರುಗಳನ್ನು ಮೊದಲು ಸಾಗಿಸಬೇಕು ಎಂಬುದೆಲ್ಲವೂ ಇಂತಹ ಸಮಯದಲ್ಲಿ ಒಂದೇ ಪ್ರಶ್ನೆಯನ್ನು ಅವಲಂಬಿಸಿರುವುದು: ಇನ್ನೆರಡು ಗಂಟೆಗಳಲ್ಲಿ ಬೆಂಕಿಯು ಎಲ್ಲಿಗೆ ಬಂದಿರುವುದು? ಇದಕ್ಕೆ ಉತ್ತರ ಕಂಡುಕೊಳ್ಳುವುದರಲ್ಲಿ ಡ್ರೋನ್ ಎಂಬ ಆಳಿಲ್ಲದ ವಿಮಾನವು ಎಷ್ಟರಮಟ್ಟಿಗೆ ನೆರವಾಗುವುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬೆಂಕಿಯ ನಡೆಯು ಉರಿಯುವ ಪದಾರ್ಥ, ಗಾಳಿ, ನೆಲದ ಏರುತಗ್ಗು ಇವುಗಳಿಗೆ ಅಧೀನವಾದುದು. ಗುಡ್ಡದ ಏರಿನಲ್ಲಿ ಜ್ವಾಲೆಯು ಮೇಲಿನ ಹುಲ್ಲಿಗೆ ಸಮೀಪವಾಗಿ, ಅದನ್ನು ಮುಂಚೆಯೇ ಕಾಯಿಸಿ ಒಣಗಿಸುವುದರಿಂದ, ಬೆಂಕಿಯು ಕೆಳಗಿಳಿಯುವುದಕ್ಕಿಂತ ಬಹು ವೇಗವಾಗಿ ಮೇಲಕ್ಕೇರುವುದು. ಏರು 10 ಡಿಗ್ರಿ ಹೆಚ್ಚಿದಂತೆಲ್ಲ ವೇಗವು ಸುಮಾರು ಇಮ್ಮಡಿಯಾಗುವುದೆಂದು ಆಸ್ಟ್ರೇಲಿಯದಲ್ಲಿ ಲೆಕ್ಕ ಹಿಡಿಯುವ ವಾಡಿಕೆಯುಂಟು. ಅಮೆರಿಕದ ಮೊಂಟಾನ ಸಂಸ್ಥಾನದ ಮಿಸೂಲ ಪಟ್ಟಣದಲ್ಲಿರುವ ಪ್ರಯೋಗಶಾಲೆಯ ರಿಚರ್ಡ್ ರಾಥರ್ಮೆಲ್ ಎಂಬ ಶಾಸ್ತ್ರಜ್ಞರು, ಹುಲ್ಲು ತರಗುಗಳ ತೂಕ, ದಟ್ಟಣೆ ಮತ್ತು ತೇವ, ಗಾಳಿಯ ವೇಗ, ನೆಲದ ಏರು ಇವುಗಳಿಂದ ಬೆಂಕಿಯ ವೇಗವನ್ನು ಗುಣಿಸುವ ಸೂತ್ರವೊಂದನ್ನು 1972ರಲ್ಲಿ ಪ್ರಕಟಿಸಿದರು. ಈಗಲೂ ಅನೇಕ ಗಣಕಯಂತ್ರಗಳಲ್ಲಿ ಈ ಸೂತ್ರವೇ ಆಧಾರವಾಗಿದೆ.

ಆದರೆ ಸೂತ್ರವೆಷ್ಟೇ ಉತ್ತಮವಾಗಿರಲಿ, ಬೆಂಕಿಯು ಈ ಕ್ಷಣದಲ್ಲಿ ಎಲ್ಲಿದೆಯೆಂಬುದು ತಿಳಿಯದಿದ್ದರೆ ಅದರಿಂದ ಪ್ರಯೋಜನವಿಲ್ಲ. ಇದೇ ಮೊಂಟಾನದ ಮಾನ್ ಗಲ್ಚ್ ಎಂಬ ಕಣಿವೆಯಲ್ಲಿ 1949ನೆಯ ಇಸವಿ ಆಗಸ್ಟ್ 5ರಂದು, ಬೆಂಕಿಯನ್ನಾರಿಸಲು ಪ್ಯಾರಾಚೂಟಿನಿಂದಿಳಿದವರು ಬೆಂಕಿಯು ಎದುರಿನ ಇಳಿಜಾರಿನಲ್ಲಿದೆಯೆಂದು ತಿಳಿದು ಕೆಳಗೆ ನದಿಯ ಕಡೆಗೆ ನಡೆದರು. ಅಷ್ಟರಲ್ಲಿ ಬೆಂಕಿಯು ಕಣಿವೆಯನ್ನು ದಾಟಿ ಅವರ ಮುಂದೆಯೇ ಕೆಳಭಾಗದಲ್ಲಿ ಹೊತ್ತಿಕೊಂಡಿತ್ತು. ಅದು ಕಣ್ಣಿಗೆ ಬಿದ್ದೊಡನೆ ಹಿಂದಿರುಗಿ ಒಣಹುಲ್ಲಿನ ಏರನ್ನು ಹತ್ತತೊಡಗಿದರು. ಏರಿನಲ್ಲಿ ಮನುಷ್ಯನಿಗಿಂತ ಬೆಂಕಿಯೇ ವೇಗವಾಗಿ ಓಡಿತು. 13 ಮಂದಿ ಪ್ರಾಣ ಬಿಟ್ಟರು.

ಇಂದು ಆಕಾಶದಿಂದ ನೋಡುವ ಉಪಗ್ರಹಗಳಿವೆ. ಅವುಗಳ ಸುದ್ದಿಯನ್ನು ದೇಹರಾದೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಅರಣ್ಯಾಧಿಕಾರಿಗಳಿಗೆ ದೂರವಾಣಿಯ ಸಂದೇಶದ ಮೂಲಕ ಕಳುಹಿಸುತ್ತಾರೆ. ಇದು ಬಹು ಉಪಕಾರಿಯಾದುದೇ. ಆದರೂ ಈ ಕೆಲಸದಲ್ಲಿರುವ ಉಪಗ್ರಹವೊಂದು ಒಂದು ಸ್ಥಳದ ಮೇಲೆ ದಿನಕ್ಕೆ ಎರಡಾವರ್ತಿ ಮಾತ್ರ ಹಾಯುವುದು ಸಾಮಾನ್ಯ; ಅದರ ಚಿತ್ರದ ಒಂದು ಚುಕ್ಕೆಯು ನೆಲದ ಮೇಲೆ 375 ಮೀಟರುಗಳಷ್ಟಾಗುವುದು. ಒಂದು ಸಣ್ಣ ಹಳ್ಳಿಯು ಆ ಚುಕ್ಕೆಯೊಳಗೇ ಅಡಗಿಹೋದೀತು!

ಈ ಕೊರತೆಯನ್ನೇ ಡ್ರೋನು ತುಂಬತಕ್ಕದ್ದು. ಅದಕ್ಕೆ ಅಳವಡಿಸಿದ ಶಾಖಗ್ರಾಹಕ ಕ್ಯಾಮೆರಾವು, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹಿಡಿಯುವುದರಿಂದ, ಇರುಳಿನಲ್ಲಿಯೂ ಹೊಗೆಯ ನಡುವೆಯೂ ಬೆಂಕಿಯ ಅಂಚನ್ನು ಸ್ಪಷ್ಟವಾಗಿ ತೋರಿಸುವುದು. 2007ರ ಅಕ್ಟೋಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಬೆಂಕಿಗಳ ಮೇಲೆ ಅಮೆರಿಕದ ನಾಸಾ ಸಂಸ್ಥೆಯವರು ಇಖಾನ ಎಂಬ ದೊಡ್ಡ ಆಳಿಲ್ಲದ ವಿಮಾನವನ್ನು ಹಾರಿಸಿ, ಬೆಂಕಿಯ ಅಂಚನ್ನು ನಕ್ಷೆಯ ಮೇಲೆ ಗುರುತಿಸಿ, ಅದನ್ನು ಕೆಲವು ನಿಮಿಷಗಳೊಳಗಾಗಿ ನೆಲದ ಮೇಲಿನ ಅಧಿಕಾರಿಗಳಿಗೆ ಮುಟ್ಟಿಸಿದರು. 2013ರಲ್ಲಿ ಯೋಸೆಮಿಟಿಯ ಬಳಿ 2,50,000 ಎಕರೆಗಳಿಗೆ ಮಿಕ್ಕು ಉರಿದ ರಿಮ್ ಬೆಂಕಿಯ ಮೇಲೆಯೂ ಇಂತಹ ವಿಮಾನವು ಬಹುಕಾಲ ಸುತ್ತುತ್ತಿದ್ದಿತು.

ಡ್ರೋನು ತಾನಾಗಿ ಭವಿಷ್ಯವನ್ನು ಹೇಳಲಾರದು. ಹೇಳಿದ ಭವಿಷ್ಯವನ್ನು ತಿದ್ದುವುದು ಅದರ ಕೆಲಸ. ಎತ್ತಿನ ಗಾಡಿಯವನು ಸಂಜೆಗೆ ಊರು ಸೇರುವೆನೆಂದು ಹೊರಟು, ಪ್ರತಿಯೊಂದು ಮೈಲಿಗಲ್ಲಿನ ಬಳಿಯೂ ಹೊತ್ತನ್ನು ನೋಡಿ ಲೆಕ್ಕವನ್ನು ಸರಿಪಡಿಸಿಕೊಳ್ಳುವನಷ್ಟೆ. ಅದೇ ರೀತಿ, ಹತ್ತು ಗಂಟೆಗೆ ಬೆಂಕಿಯು ಹಳ್ಳವನ್ನು ಮುಟ್ಟುವುದೆಂದು ಗಣಕಯಂತ್ರವು ಹೇಳಿ, ಒಂಬತ್ತು ಗಂಟೆಗೇ ಅದು ಹಳ್ಳವನ್ನು ದಾಟಿರುವುದಾಗಿ ಡ್ರೋನು ತೋರಿಸಿದರೆ, ಗಾಳಿಯು ಎಣಿಸಿದುದಕ್ಕಿಂತ ಬಲವಾಗಿದೆಯೆಂದೋ ಹುಲ್ಲು ಹೆಚ್ಚು ಒಣಗಿದೆಯೆಂದೋ ಊಹಿಸಿ, ಹೊಸ ಗೆರೆಯಿಂದ ಲೆಕ್ಕವನ್ನು ಮತ್ತೆ ಮಾಡಲಾಗುವುದು. ಮುಖ್ಯ ಬೆಂಕಿಗೆ ಬಹುದೂರ ಮುಂದೆ ಹಾರಿಬಿದ್ದ ಕಿಡಿಗಳಿಂದ ಹುಟ್ಟಿದ ಸಣ್ಣ ಉರಿಗಳೂ ಇದರಿಂದ ಬೇಗನೆ ಗೊತ್ತಾಗುವುವು. ಇವನ್ನು ಯಾವ ಸೂತ್ರವೂ ಚೆನ್ನಾಗಿ ಮುಂಗಾಣಲಾರದು.

ಕುಂದುಗಳೂ ಇಲ್ಲದಿಲ್ಲ. ಬ್ಯಾಟರಿಯಿಂದ ಹಾರುವ ಚಿಕ್ಕ ಡ್ರೋನುಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಳಗಿಳಿಯಬೇಕಾಗುವುದು. ಬಿರುಗಾಳಿಯಲ್ಲಿ, ಎಂದರೆ ಬೆಂಕಿಯು ಅತ್ಯಂತ ಅಪಾಯಕರವಾದ ಹೊತ್ತಿನಲ್ಲಿಯೇ, ಅವು ಹಾರಲಾರವು. ದಟ್ಟವಾದ ಎಲೆಗಳ ಕೆಳಗೆ ಮೆಲ್ಲನೆ ಹರಿಯುವ ಉರಿಯೂ ಅವುಗಳ ಕಣ್ಣಿಗೆ ತಪ್ಪಬಹುದು. ಇವೆಲ್ಲಕ್ಕಿಂತ ಕೆಟ್ಟುದು, ಕುತೂಹಲಕ್ಕಾಗಿ ಖಾಸಗಿಯವರು ಹಾರಿಸುವ ಡ್ರೋನು. 2025ನೆಯ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಬೆಂಕಿಗೆ ನೀರು ಸುರಿಯುತ್ತಿದ್ದ ವಿಮಾನವೊಂದಕ್ಕೆ ಅಂತಹ ಡ್ರೋನು ತಗುಲಿ, ರೆಕ್ಕೆಯಲ್ಲಿ ತೂತಾಗಿ, ಆ ವಿಮಾನವನ್ನು ಕೆಲಸದಿಂದ ನಿಲ್ಲಿಸಬೇಕಾಯಿತು. ನಮ್ಮ ಅರಣ್ಯಗಳ ಮೇಲೆಯೂ ಅಪ್ಪಣೆಯಿಲ್ಲದೆ ಯಾರೂ ಡ್ರೋನುಗಳನ್ನು ಹಾರಿಸಕೂಡದು.

ನಮ್ಮ ಸೀಮೆಗೆ ಸದ್ಯಕ್ಕೆ ಹೆಚ್ಚು ಒಪ್ಪುವ ಉಪಯೋಗವು ಬೆಂಕಿ ಬೀಳುವುದಕ್ಕೆ ಮುಂಚಿನದು. ಮಳೆಗಾಲವು ಕಳೆದ ಮೇಲೆ ಅರಣ್ಯದ ಅಂಚನ್ನು ಡ್ರೋನಿನಿಂದ ಅಳೆದು, ಲಂಟಾನವು ಎಲ್ಲಿ ದಟ್ಟವಾಗಿದೆ, ಬೆಂಕಿರೇಖೆಯು ಎಲ್ಲಿ ಹುಲ್ಲಿನಿಂದ ಮುಚ್ಚಿಹೋಗಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಿದರೆ, ಬೇಸಗೆಗೆ ಮೊದಲೇ ಸವರುವ ಕೆಲಸವನ್ನು ತಕ್ಕ ಸ್ಥಳದಲ್ಲಿ ಹಿಡಿಯಬಹುದು. ಮುಂದೆ ಬೆಂಕಿ ಬಿದ್ದಾಗ ಲೆಕ್ಕಕ್ಕೆ ಬೇಕಾದ ಉರುವಲಿನ ವಿವರವೂ ಕೈಯಲ್ಲಿರುವುದು. ಬೆಂಕಿಯನ್ನು ಮೊದಲು ಕಂಡ ಗ್ರಾಮಸ್ಥರು ಅರಣ್ಯ ಇಲಾಖೆಯವರಿಗೆ ಸ್ಥಳವನ್ನು ಮಾತ್ರವಲ್ಲದೆ, ಕಂಡ ವೇಳೆಯನ್ನೂ ಆಗ ಗಾಳಿಯು ಬೀಸುತ್ತಿದ್ದ ದಿಕ್ಕನ್ನೂ ತಿಳಿಸಿದರೆ, ಡ್ರೋನನ್ನು ಯಾವ ಕಡೆಗೆ ಮೊದಲು ಕಳುಹಿಸಬೇಕೆಂಬುದು ಗೊತ್ತಾಗುವುದು.